ಕೇಳಬಲ್ಲವರಿಗೆ ಮಾತ್ರ ಪರೀಕ್ಷೆಯೇ?

ಬ್ರಿಟನ್ನಿನಲ್ಲಿ ಪ್ರತಿ 8 ಪುರುಷರಲ್ಲಿ ಒಬ್ಬನು ಜೀವಿತಾವಧಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ತುತ್ತಾಗುತ್ತಾನೆ. ಕಪ್ಪುವರ್ಣೀಯರಲ್ಲಾದರೋ 4ರಲ್ಲಿ ಒಬ್ಬ. ಅಲ್ಲಿನ ಸರಕಾರಕ್ಕಾಗಲಿ ವೈದ್ಯ ಸಮೂಹಕ್ಕಾಗಲಿ ಇದು ತಿಳಿಯದ ಸಂಗತಿಯೇನಲ್ಲ. ಹಾಗಿದ್ದೂ ರಾಷ್ಟ್ರೀಯ ತಪಾಸಣಾ ಸಮಿತಿಯು 2025ರ ನವೆಂಬರ್‌ನಲ್ಲಿ ಪ್ರಕಟಿಸಿದ ಕರಡು ಶಿಫಾರಸಿನಲ್ಲಿ ಕಪ್ಪುವರ್ಣೀಯರಿಗೆ ಸಾಮೂಹಿಕ ತಪಾಸಣೆಯನ್ನು ಸೂಚಿಸಲಿಲ್ಲ. ಬಿಆರ್‌ಸಿಎ ಎಂಬ ವಂಶವಾಹಿಯಲ್ಲಿ ದೋಷವಿರುವುದು ದೃಢಪಟ್ಟ 45ರಿಂದ 61ರ ವಯೋಮಾನದವರಿಗೆ ಮಾತ್ರ ಎರಡು ವರ್ಷಕ್ಕೊಮ್ಮೆ ತಪಾಸಣೆ ನಡೆಸಬಹುದೆಂದಿತು. ಕಪ್ಪುವರ್ಣೀಯರ ವಿಷಯದಲ್ಲಿ ಅದು ನೀಡಿದ ಕಾರಣ, ಸಾಕಷ್ಟು ಪುರಾವೆಯಿಲ್ಲ ಎಂಬುದು.

ಪುರಾವೆ ಯಾಕಿಲ್ಲ? ರಕ್ತದಲ್ಲಿ ಪಿಎಸ್‌ಎ ಎಂಬ ಪ್ರೋಟೀನಿನ ಪ್ರಮಾಣವನ್ನು ಅಳೆದು ಈ ರೋಗದ ಸುಳಿವು ಪಡೆಯುವ ಪರೀಕ್ಷೆಯ ಒಳಿತು ಕೆಡುಕುಗಳು ನಿರ್ಧಾರವಾದದ್ದು ಮುಖ್ಯವಾಗಿ 1990ರ ದಶಕದಲ್ಲಿ ಅಮೇರಿಕ ಮತ್ತು ಯುರೋಪಿನಲ್ಲಿ ಆರಂಭಗೊಂಡ ಎರಡು ಬೃಹತ್ ಅಧ್ಯಯನಗಳಿಂದ. ಅಮೇರಿಕದ ಅಧ್ಯಯನದಲ್ಲಿ ಕಪ್ಪುವರ್ಣೀಯರ ಪಾಲು ಸುಮಾರು ಶೇ. 4. ಯುರೋಪಿನಲ್ಲಿ ಪಾಲ್ಗೊಂಡವರು ಬಹುತೇಕ ಬಿಳಿಯರು. ಬಾಗಿಲು ಹಾಕಿಕೊಂಡು, ನೀವೇಕೆ ಒಳಗೆ ಬರಲಿಲ್ಲವೆಂದು ಕೇಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಪಿಎಸ್‌ಎ ಪರೀಕ್ಷೆಗೆ ಮಿತಿಗಳಿವೆ ಎಂಬುದು ನಿಜ. ಸೋಂಕಿನಿಂದಲೂ ವಯೋಸಹಜವಾಗಿ ಗ್ರಂಥಿ ದೊಡ್ಡದಾಗುವುದರಿಂದಲೂ ಅದರ ಪ್ರಮಾಣ ಏರಬಹುದು. ಎಂದೂ ಪ್ರಾಣಕ್ಕೆ ಎರವಾಗದ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮೂತ್ರದ ಹಿಡಿತವನ್ನೋ ಪುರುಷತ್ವವನ್ನೋ ಕಳಕೊಂಡವರಿದ್ದಾರೆ. ಸಮಿತಿಯ ಎಚ್ಚರಿಕೆಯನ್ನು ಆದ್ದರಿಂದ ತಳ್ಳಿಹಾಕಲಾಗದು. ಆದರೆ ಬಯಾಪ್ಸಿಗೆ ಮುನ್ನ ಎಂಆರ್‌ಐ ಮಾಡುವ ಕ್ರಮ ಬಂದಂದಿನಿಂದ ಈ ಅಪಾಯ ಬಹಳಷ್ಟು ತಗ್ಗಿದೆ.

ಅಷ್ಟಕ್ಕೂ ಬ್ರಿಟನ್ನಿನಲ್ಲಿ ಪರೀಕ್ಷೆ ನಡೆಯುತ್ತಿಲ್ಲವೆಂದಲ್ಲ. 50 ದಾಟಿದ ಯಾರೂ ಕುಟುಂಬ ವೈದ್ಯರಲ್ಲಿ ಕೇಳಿ ಉಚಿತವಾಗಿ ಮಾಡಿಸಿಕೊಳ್ಳಬಹುದು. ಆದರೆ ರೋಗಲಕ್ಷಣವಿಲ್ಲದವರಲ್ಲಿ ವೈದ್ಯರು ತಾವಾಗಿಯೇ ವಿಷಯ ಎತ್ತಬಾರದೆಂಬುದು ಅಲ್ಲಿನ ಮಾರ್ಗಸೂಚಿ. ಹೀಗಿರುವಾಗ ಕೇಳುವವರು ಯಾರು? ಓದಿದವರು, ಉಳ್ಳವರು, ವೈದ್ಯರ ಮುಂದೆ ಅಳುಕಿಲ್ಲದೆ ಮಾತಾಡಬಲ್ಲವರು. ಇಂಗ್ಲೆಂಡಿನ ಸುಮಾರು ಒಂದು ಕೋಟಿ ಪುರುಷರ ದಾಖಲೆಗಳನ್ನು ಪರಿಶೀಲಿಸಿ 2025ರಲ್ಲಿ ಪ್ರಕಟವಾದ ಅಧ್ಯಯನವು, ಅನುಕೂಲಸ್ಥರ ಪ್ರದೇಶಗಳಲ್ಲೂ ದೇಶದ ದಕ್ಷಿಣ ಭಾಗದಲ್ಲೂ ಪರೀಕ್ಷೆ ಹೆಚ್ಚು ನಡೆಯುತ್ತಿರುವುದನ್ನು ತೋರಿಸಿತು. ಬೇಡವಾದವರಿಗೆ ಮತ್ತೆ ಮತ್ತೆ ಪರೀಕ್ಷೆ, ಬೇಕಾದವರಿಗೆ ಮೌನ. ಮುಕ್ತ ಆಯ್ಕೆಯೆಂದು ಕರೆಯಲಾಗುವ ವ್ಯವಸ್ಥೆಯ ಫಲ ಇದು.

ಇದೆಲ್ಲ ರಕ್ತದ ಗುಣ, ವಂಶದ ಹಣೆಬರಹ ಎನ್ನುವವರೂ ಇದ್ದಾರೆ. ಅಮೇರಿಕದಲ್ಲಿ ಕಪ್ಪುವರ್ಣೀಯರು ಈ ಕ್ಯಾನ್ಸರ್‌ನಿಂದ ಸಾಯುವ ಪ್ರಮಾಣ ಬಿಳಿಯರಿಗಿಂತ ಸುಮಾರು ಎರಡು ಪಟ್ಟು. ಆದರೆ ಅದೇ ದೇಶದಲ್ಲಿ, ಮಾಜಿ ಯೋಧರಿಗೆ ಸಮಾನ ಚಿಕಿತ್ಸೆ ದೊರೆಯುವ ಸರಕಾರಿ ಆಸ್ಪತ್ರೆಗಳಲ್ಲಿ ಸುಮಾರು 60 ಸಾವಿರ ರೋಗಿಗಳನ್ನು ಅಧ್ಯಯನ ಮಾಡಿದಾಗ ಕಂಡದ್ದೇನು? ಕಪ್ಪುವರ್ಣೀಯರಲ್ಲಿ ರೋಗ ಹೆಚ್ಚು ಉಲ್ಬಣಿಸಿರಲಿಲ್ಲ, ಸಾವೂ ಹೆಚ್ಚಿರಲಿಲ್ಲ. ರೋಗ ತಗಲುವುದರಲ್ಲಿ ವಂಶದ ಪಾತ್ರ ಇರಬಹುದು. ಸಾಯಿಸುವುದರಲ್ಲಿ ಆಸ್ಪತ್ರೆಯ ದೂರಕ್ಕೂ ಪಾತ್ರವಿದೆ.

ನಮ್ಮ ದೇಶದ ಸರಕಾರಿ ಕ್ಯಾನ್ಸರ್ ತಪಾಸಣೆಯು ಬಾಯಿ, ಸ್ತನ ಮತ್ತು ಗರ್ಭಕೊರಳಿಗೆ ಸೀಮಿತ. ದೆಹಲಿ, ಬೆಂಗಳೂರುಗಳಂತಹ ನಗರಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪುರುಷರ ಪ್ರಮುಖ ಕ್ಯಾನ್ಸರ್‌ಗಳ ಸಾಲಿಗೆ ಸೇರಿದೆ. ಉಳ್ಳವರು ಖಾಸಗಿ ಆಸ್ಪತ್ರೆಯ ಪ್ಯಾಕೇಜಿನಲ್ಲಿ ಪಿಎಸ್‌ಎ ಮಾಡಿಸಿಕೊಳ್ಳುತ್ತಾರೆ. ಹಳ್ಳಿಯ ವೃದ್ಧ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದನ್ನು ಮುಪ್ಪಿನ ಲಕ್ಷಣವೆಂದು ಬಗೆದು, ಹೇಳಲು ನಾಚಿ, ಸೊಂಟದ ಮೂಳೆ ನೋಯತೊಡಗಿದ ಮೇಲೆ ಆಸ್ಪತ್ರೆಗೆ ಬರುತ್ತಾನೆ.

ಬ್ರಿಟನ್ನಿನಲ್ಲಿ ಟ್ರಾನ್ಸ್‌ಫಾರ್ಮ್ ಎಂಬ ಹೊಸ ಅಧ್ಯಯನ ಆರಂಭಗೊಂಡಿದೆ. ಆಹ್ವಾನಿತರಲ್ಲಿ ಹತ್ತರಲ್ಲಿ ಒಬ್ಬರಾದರೂ ಕಪ್ಪುವರ್ಣೀಯರಿರಬೇಕು, ಅವರನ್ನು 45ನೇ ವಯಸ್ಸಿನಿಂದಲೇ ಸೇರಿಸಬೇಕು ಎಂಬುದು ಅದರ ನಿಯಮ. ಸ್ವಾಗತಾರ್ಹವೇ. ಆದರೆ ಅದರ ಪೂರ್ಣ ಫಲಿತಾಂಶಕ್ಕೆ ವರ್ಷಗಳು ಬೇಕು. ಅಲ್ಲಿಯವರೆಗೆ, ವೈದ್ಯರು ವಿಷಯ ಎತ್ತಬಾರದೆಂಬ ಮಾರ್ಗಸೂಚಿಯನ್ನು ಕಪ್ಪುವರ್ಣೀಯರ ಮಟ್ಟಿಗಾದರೂ ರದ್ದುಗೊಳಿಸಲು ಯಾವ ಪುರಾವೆಗಾಗಿ ಕಾಯಬೇಕಾಗಿದೆ?