ಬರುವ ಅಂಚೆ, ಹೋಗುವ ಅಂಚೆ

ಭದ್ರಾವತಿಯ ನಮ್ಮ ಹಿರಿಯ ಮಿತ್ರರೊಬ್ಬರು, ಲಿಂಗೈಕ್ಯರಾದ ತಮ್ಮ ಧರ್ಮಪತ್ನಿಯ ಪ್ರಥಮ ಪುಣ್ಯಸ್ಮರಣೆಗೆಂದು ಕಿರುಹೊತ್ತಗೆಯೊಂದನ್ನು ಬರೆದು, ಅದರ ಕರಡಚ್ಚನ್ನು ತಿದ್ದಿಕೊಡುವಂತೆ ಶಿವಮೊಗ್ಗದಲ್ಲಿರುವ ನಮಗೆ ಇಮೇಲ್ ಮೂಲಕ ಕಳುಹಿಸಿದ್ದರು. ಆ ತಾಯಿಯ ತವರೂರಿನ ಹೆಸರೇ ಅದರಲ್ಲಿ ತಪ್ಪಾಗಿದ್ದಿತು. ನಾವು ತಿದ್ದಿ ಅಂದೇ ಸಂಜೆ ಕಳುಹಿಸಿದೆವು, ಕಳುಹಿಸಿದೆವೆಂದು ನಂಬಿದೆವು. ಒಂಬತ್ತು ದಿನಗಳ ತರುವಾಯ ಅವರು ದೂರವಾಣಿಯಲ್ಲಿ ಬಲು ಸಂಕೋಚದಿಂದ, "ಗುರುಗಳೆ, ನನ್ನ ಬರವಣಿಗೆ ತಮಗೆ ಹಿಡಿಸಲಿಲ್ಲವೇನೋ. ನಾಳೆ ಬೆಳಗ್ಗೆ ಮುದ್ರಣಕ್ಕೆ ಕೊಡಲೇಬೇಕು" ಎಂದರು. ನಾವು ಗಾಬರಿಯಿಂದ ಕಂಪ್ಯೂಟರನ್ನು ತೆರೆದು ನೋಡಲಾಗಿ, ಪತ್ರವು ‘ಡ್ರಾಫ್ಟ್ಸ್’ ಎಂಬಲ್ಲಿ ಹಾಗೆಯೇ ಉಳಿದಿದ್ದಿತು.

ತಪ್ಪು ನಮ್ಮದೇ. ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟಿದ್ದ ಪಾಸ್‌ವರ್ಡ್ ಮನೆಗೆ ಬಂದವರ ಕಣ್ಣಿಗೆಲ್ಲ ಬೀಳುತ್ತಿದೆಯೆಂದು, ಆ ವಾರವಷ್ಟೇ ಅದನ್ನು ಬದಲಿಸಿದ್ದೆವು. ಆದರೆ ನಾವು ಪತ್ರವ್ಯವಹಾರ ನಡೆಸುವುದು ಕಂಪ್ಯೂಟರಿನಲ್ಲಿರುವ ಥಂಡರ್‌ಬರ್ಡ್ ಎಂಬ ತಂತ್ರಾಂಶದಲ್ಲಿ. ಅದು ಹಳೆಯ ಪಾಸ್‌ವರ್ಡನ್ನು ತನ್ನಲ್ಲಿ ಉಳಿಸಿಕೊಂಡಿರುತ್ತದೆ; ಖಾತೆಯಲ್ಲಿ ಆದ ಬದಲಾವಣೆ ಅದಕ್ಕೆ ತಾನಾಗಿ ತಿಳಿಯದು. ಅದು ಹೊಸದನ್ನು ಕೇಳಿದಾಗ ನಾವು ಕೊಟ್ಟೆವು. ಪತ್ರಗಳು ಎಂದಿನಂತೆ ಬಂದವು. ನಾವು ನಿಶ್ಚಿಂತರಾದೆವು.

ಇಲ್ಲಿಯೇ ಇರುವುದು ತೊಡಕು. ತುಂಗೆಯೂ ಭದ್ರೆಯೂ ಕೂಡಲಿಯನ್ನು ಸೇರುವವರೆಗೆ ಬೇರೆಬೇರೆಯಾಗಿ ಹರಿಯುವಂತೆ, ಬರುವ ಅಂಚೆಯ ದಾರಿಯೂ ಹೋಗುವ ಅಂಚೆಯ ದಾರಿಯೂ ಬೇರೆ. ತಂತ್ರಾಂಶವು ಒಂದೇ ಪಾಸ್‌ವರ್ಡನ್ನು ಎರಡು ಕಡೆ ಬರೆದಿಟ್ಟಿರುತ್ತದೆ. ನಾವು ತಿದ್ದಿದ್ದು ಬರುವ ದಾರಿಯದನ್ನು ಮಾತ್ರ. ಕಳುಹಿಸುವಾಗ ಇಂಗ್ಲಿಷಿನಲ್ಲಿ ಎಚ್ಚರಿಕೆಯೊಂದು ಮೂಡಿತ್ತು. ಓದುವ ತಾಳ್ಮೆಯಿಲ್ಲದೆ ಮುಚ್ಚಿಬಿಟ್ಟಿದ್ದೆವು. ಹಸ್ತಪ್ರತಿಗಳಲ್ಲಿ ಒಂದು ಅಕ್ಷರಕ್ಕಾಗಿ ದಿನವೆಲ್ಲ ಕೂರುವ ನಮಗೆ ಎರಡು ಸಾಲು ಓದಲಾಗಲಿಲ್ಲ!

ನೆರೆಮನೆಯ ಕಾಲೇಜು ಹುಡುಗಿ ಬಂದು ತೋರಿಸಿಕೊಟ್ಟ ಕ್ರಮ ಹೀಗಿದೆ. ‘ಸೆಟ್ಟಿಂಗ್ಸ್’ ತೆರೆದು, ‘ಪ್ರೈವಸಿ ಅಂಡ್ ಸೆಕ್ಯುರಿಟಿ’ ಎಂಬಲ್ಲಿ ‘ಸೇವ್ಡ್ ಪಾಸ್‌ವರ್ಡ್ಸ್’ ಎಂಬುದನ್ನು ಒತ್ತಬೇಕು. ಪಟ್ಟಿಯಲ್ಲಿ ‘ಐಮ್ಯಾಪ್’ ಅಥವಾ ‘ಮೇಲ್‌ಬಾಕ್ಸ್’ ಎಂದು ಮೊದಲಾಗುವ ಸಾಲು ಬರುವ ಅಂಚೆಯದು. ‘ಎಸ್‌ಎಂಟಿಪಿ’ ಎಂಬುದು ಹೋಗುವ ಅಂಚೆಯದು. ನಮ್ಮ ಖಾತೆಯ ಹಳೆಯ ಸಾಲುಗಳನ್ನು ತೆಗೆದುಹಾಕಿ, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆದರೆ ಅದು ಹೊಸದಾಗಿ ಕೇಳುತ್ತದೆ. ಆಮೇಲೆ ತಮಗೆ ತಾವೇ ಒಂದು ಪತ್ರ ಕಳುಹಿಸಿ ನೋಡಿಕೊಳ್ಳತಕ್ಕದ್ದು. ಹೋಗಿ, ಮರಳಿ ಬಂದರೆ ಎರಡೂ ದಾರಿ ತೆರೆದಂತೆ. ಅದೇ ಪಟ್ಟಿಯಲ್ಲಿ ಪಾಸ್‌ವರ್ಡನ್ನು ಯಾರು ಬೇಕಾದರೂ ಓದಬಹುದೆಂಬುದನ್ನು ಕಂಡು ನಮ್ಮ ಎದೆ ಝಲ್ಲೆಂದಿತು. ಕ್ಯಾಲೆಂಡರಿನಿಂದ ತಪ್ಪಿಸಿ ಇಲ್ಲಿ ಬಿಚ್ಚಿಟ್ಟಂತಾಯಿತಲ್ಲ! ‘ಪ್ರೈಮರಿ ಪಾಸ್‌ವರ್ಡ್’ ಇಟ್ಟುಕೊಂಡರೆ ಆ ಭಯವಿಲ್ಲ.

ಜಿಮೇಲ್ ಇರುವವರಿಗೆ ಬೇರೊಂದು ಮಾತು. 2022ರ ಮೇ ತಿಂಗಳ ಕೊನೆಯಿಂದ ವೈಯಕ್ತಿಕ ಜಿಮೇಲ್ ಖಾತೆಯ ಮೂಲ ಪಾಸ್‌ವರ್ಡನ್ನು ಇಂಥ ತಂತ್ರಾಂಶಕ್ಕೆ ನೇರವಾಗಿ ಕೊಟ್ಟರೆ ನಡೆಯುವುದಿಲ್ಲ. ಗೂಗಲ್‌ನದೇ ಕಿಟಕಿಯಲ್ಲಿ ಪ್ರವೇಶಿಸಿ ಒಪ್ಪಿಗೆ ನೀಡಬೇಕು. ಇಲ್ಲವೆ 16 ಅಕ್ಷರಗಳ ‘ಆ್ಯಪ್ ಪಾಸ್‌ವರ್ಡ್’ ಪಡೆಯಬೇಕು. ಮೂಲ ಪಾಸ್‌ವರ್ಡನ್ನು ಬದಲಿಸಿದರೆ ಈ 16 ಅಕ್ಷರದ್ದು ರದ್ದಾಗುತ್ತದೆ, ಹೊಸದನ್ನು ಮಾಡಿಕೊಳ್ಳಬೇಕು. ‘ನಿಮ್ಮ ಪಾಸ್‌ವರ್ಡ್ ಮುಗಿದಿದೆ, ಇಲ್ಲಿ ಒತ್ತಿ’ ಎಂದು ಪತ್ರದೊಳಗೆ ಬರುವ ಕೊಂಡಿಗಳನ್ನು ಮಾತ್ರ ಮುಟ್ಟಕೂಡದು.

ಆ ರಾತ್ರಿ ಒಂಬತ್ತೂವರೆಗೆ ತಿದ್ದಿದ ಕರಡು ಭದ್ರಾವತಿಗೆ ಹೋಯಿತು. ಈ ಸಲ ಮಿತ್ರರಿಗೆ ದೂರವಾಣಿ ಮಾಡಿ ಕೇಳಿಯೇ ಮಲಗಿದೆವು. ಅವರು ಹೊತ್ತಗೆಯ ಬಗೆಗೆ ಏನೂ ಹೇಳಲಿಲ್ಲ. "ಅವಳ ಊರಿನ ಹೆಸರು ಸರಿಹೋಯಿತು, ಗುರುಗಳೆ" ಎಂದಷ್ಟೇ ಅಂದರು.