ಬಿಳಿ ಮೀನು ಅಂತ ಒಂದು ಮೀನಿಲ್ಲ

ಮೊನ್ನೆ ಗೆಳೆಯನೊಬ್ಬ ಬೆಂಗಳೂರಿನ ಒಂದು ದೊಡ್ಡ ಹೋಟೆಲ್ಲಿಗೆ ಕರಕೊಂಡು ಹೋಗಿದ್ದ. ಮೆನುವಿನಲ್ಲಿ 'ಪ್ಯಾನ್ ಸಿಯರ್ಡ್ ವೈಟ್ ಫಿಶ್ ವಿತ್ ಲೆಮನ್ ಬಟರ್ ಸಾಸ್' ಅಂತಿತ್ತು. ಕುಂದಾಪುರದ ಕಡೆಯವನು ನಾನು, ಬಾಯಿ ಸುಮ್ಮನಿರಲಿಲ್ಲ. "ಯಾವ ಮೀನಪ್ಪಾ ಇದು?" ಅಂದೆ.

"ವೈಟ್ ಫಿಶ್ ಸಾರ್."

"ಬಣ್ಣ ಗೊತ್ತಾಯ್ತು. ಹೆಸರು?"

"ಬೋನ್‌ಲೆಸ್ ಸಾರ್."

ಹುಡುಗನದೇನೂ ತಪ್ಪಿಲ್ಲ ಬಿಡಿ, ಅವನಿಗೆ ಹೇಳಿಕೊಟ್ಟದ್ದೇ ಅಷ್ಟು. ಆದರೆ ತರಕಾರಿ ಅಂಗಡಿಗೆ ಹೋಗಿ 'ಅರ್ಧ ಕೆಜಿ ಹಸಿರು ಕೊಡಿ' ಅಂತ ಯಾರಾದರೂ ಕೇಳ್ತಾರಾ? ಮೀನಿನ ವಿಷಯದಲ್ಲಿ ಮಾತ್ರ ಯಾಕೆ ಸುಮ್ಮನೆ ತಲೆಯಾಡಿಸ್ತೀವಿ?

ಇಂಥ 'ಬಿಳಿ ಮೀನು' ಹೆಚ್ಚಾಗಿ ಬಾಸಾ. ವಿಯೆಟ್ನಾಮಿನ ಮೆಕಾಂಗ್ ನದಿಯ ಬಯಲಿನಲ್ಲಿ, ಈಗ ನಮ್ಮ ಪಕ್ಕದ ಆಂಧ್ರದ ಕೆರೆಗಳಲ್ಲೂ ಸಾಕುವ ಪಂಗಾಸಿಯಸ್ ಜಾತಿಯದು. ಅದು ವಿಷ ಅಂತ ನಾನು ಹೇಳ್ತಿಲ್ಲ, ವಾಟ್ಸಾಪ್‌ನವರು ಹೇಳಿಕೊಳ್ಳಲಿ. ನನ್ನ ತಕರಾರು ಬೇರೆ. ಹೆಸರಿಲ್ಲದ ಮೀನಿಗೆ ಊರಿಲ್ಲ, ಹಿಡಿದ ದಿನವಿಲ್ಲ. ಯಾವ ಪ್ರಶ್ನೆಗೂ ಅದು ಉತ್ತರ ಕೊಡಬೇಕಾಗಿಲ್ಲ.

ಈ ಅಡುಗೆಯ ತವರು ಫ್ರಾನ್ಸ್. ಅಲ್ಲಿ ಅದು 'ಸೋಲ್ ಮ್ಯೂನಿಯೇರ್'. ಮೀನಿನ ಹೆಸರು ಮೊದಲು, ಅಡುಗೆ ಆಮೇಲೆ. 1948ರಲ್ಲಿ ರುವಾನ್ ಊರಿನಲ್ಲಿ ಜೂಲಿಯಾ ಚೈಲ್ಡ್ ಫ್ರೆಂಚ್ ಅಡುಗೆಗೆ ಮರುಳಾದದ್ದು ಇದನ್ನೇ ತಿಂದು. ಆ ಸೋಲ್‌ನ ದಾಯಾದಿ ನಮ್ಮ ಕರಾವಳಿಯಲ್ಲೇ ಇದೆ: ನಂಗು. ಚಪ್ಪಟೆ ಮೀನು, ಬೆಳ್ಳಗಿನ ಮಾಂಸ. ಅಂಜಲ್, ಮಾಂಜಿ ಸಿಕ್ಕರೆ ನಾವು ಅದರ ಕಡೆ ತಿರುಗಿಯೂ ನೋಡೋದಿಲ್ಲ.

ಮನೆಯಲ್ಲಿ ಮಾಡೋದಕ್ಕೆ ಅರ್ಧ ಗಂಟೆ ಸಾಕು. ನಂಗಿನ ಸಿಪ್ಪೆಯನ್ನು ತಲೆಯ ಕಡೆಯಿಂದ ಎಳೆದರೆ ಬಾಳೆಹಣ್ಣಿನ ಸಿಪ್ಪೆಯಂತೆ ಬರುತ್ತೆ. ಉಪ್ಪು ಹಚ್ಚಿ ಕಾಲು ಗಂಟೆ ಬಿಡಿ. ಆಮೇಲೆ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ. ಗುಟ್ಟು ಇರೋದೇ ಇಲ್ಲಿ: ಮೈಮೇಲೆ ನೀರಿದ್ದರೆ ಮೀನು ಬೇಯುತ್ತೆ, ಕೆಂಪಗಾಗೋದಿಲ್ಲ. ಹೋಟೆಲಿನ ತಟ್ಟೆಯಲ್ಲಿ ನನ್ನ ಮೀನಿನ ಕೆಳಗೆ ನೀರು ನಿಂತಿತ್ತು. ತೆಳ್ಳಗೆ ಅಕ್ಕಿಹಿಟ್ಟು ಉದುರಿಸಿ, ಚೆನ್ನಾಗಿ ಕಾದ ಕಬ್ಬಿಣದ ಕಾವಲಿಗೆ ಎಣ್ಣೆ ಹಾಕಿ ಮೀನು ಇಡಿ. ಇಟ್ಟ ಮೇಲೆ ಕೆದಕಬೇಡಿ. ಕೆಂಪಗಾದಾಗ ಅದೇ ಕಾವಲಿ ಬಿಡುತ್ತೆ, ಮಗುಚಿ. ಒಂದೊಂದು ಬದಿಗೆ ಎರಡು ಮೂರು ನಿಮಿಷ. ಮೀನು ತೆಗೆದು, ಉರಿ ತಗ್ಗಿಸಿ, ಅದೇ ಕಾವಲಿಗೆ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಹಾಕಿ. ಒಲೆ ಆರಿಸಿ ನಿಂಬೆರಸ ಹಿಂಡಿ, ಕೊತ್ತಂಬರಿ ಹಾಕಿ. ಸಾಸ್ ಅಂದರೆ ಇಷ್ಟೇ.

ಬಯಲುಸೀಮೆಯವರು ಏನ್ ಮಾಡಬೇಕು ಅಂತೀರಾ? ಕೆರೆಯ ಜಿಲೇಬಿ ಮೀನು ತನ್ನಿ. ಅದಕ್ಕೂ ಹೆಸರಿದೆ, ಅದೂ ಬೆಳ್ಳಗೇ ಇದೆ. ದಪ್ಪಗಿದ್ದರೆ ಇನ್ನೆರಡು ನಿಮಿಷ ಹೆಚ್ಚು ಬಿಡಿ. ಇದಕ್ಕೂ ಹೆಸರು ಬೇಕು ನೋಡಿ: ಯಾವ ಮೀನು ಅಂತ ಗೊತ್ತಿಲ್ಲದೆ ಎಷ್ಟು ಹೊತ್ತು ಅಂತ ಹೇಗೆ ಗೊತ್ತಾಗಬೇಕು?

ನಮ್ಮ ಕರಾವಳಿಯವರೇನು ಸಾಚಾಗಳಾ? 'ಮಸಾಲೆ ಇಲ್ಲದ ಮೀನು ಜ್ವರ ಬಂದವರಿಗೆ' ಅಂತ ನಗ್ತೀವಿ. ನಾಲ್ಕು ದಿನದ ಮೀನಿಗೆ ಬ್ಯಾಡಗಿ ಮೆಣಸಿನ ದಪ್ಪ ಕಂಬಳಿ ಹೊದೆಸಿ 'ತವಾ ಫ್ರೈ' ಅಂತ ಕೊಟ್ಟರೆ ಬೆರಳು ಚೀಪ್ತೀವಿ. ಬೆಣ್ಣೆ ನಿಂಬೆಯ ಕೆಳಗೆ ಹಳೆ ಮೀನನ್ನು ಅಡಗಿಸೋಕೆ ಆಗೋದಿಲ್ಲ. ಈ ಸಪ್ಪೆ ಅಡುಗೆ ನನಗೆ ಇಷ್ಟವಾಗೋದು ಅದಕ್ಕೇ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ದೋಣಿಗಳು ಕಡಲಿಗಿಳಿಯೋ ಹಾಗಿಲ್ಲ. ಆಗ ಸಿಗೋದು ನಾಡದೋಣಿಯವರು ತಂದಷ್ಟೇ. ಹೋಟೆಲಿನ ಬಿಳಿ ಮೀನು ಮಾತ್ರ ವರ್ಷಪೂರ್ತಿ ಒಂದೇ ಅಳತೆ, ಒಂದೇ ರುಚಿ. ಮಳೆ, ಕಡಲು, ದೋಣಿ ಯಾವುದೂ ಲೆಕ್ಕಕ್ಕಿಲ್ಲ ಅಂತ ಅದು ನಮ್ಮ ಮಕ್ಕಳಿಗೆ ಕಲಿಸ್ತಾ ಇದೆ.

ಮುಂದಿನ ಸಲ ಸುಮ್ಮನೆ ತಲೆಯಾಡಿಸಬೇಡಿ. ಹೆಸರು ಕೇಳಿ. ಉತ್ತರ ಬರದಿದ್ದರೆ ಪಲಾವ್ ತಿಂದು ಬನ್ನಿ. ಬರ್ತಾ ದಾರೀಲಿ ನಂಗು ಸಿಕ್ಕರೆ ಇನ್ನೂ ಒಳ್ಳೇದು.