ಹಿತ್ತಲಿಗೆ ಫರಸಿ ಹಾಸಿದವರು

ಮಿರಗ ಕೂಡಲು ಇನ್ನು ನಾಲ್ಕು ವಾರವೂ ಉಳಿದಿಲ್ಲ. ಭಾಲ್ಕಿಯ ಕಡೆ ಹೊಲಗಳಲ್ಲಿ ಕುಂಟೆ ಹೊಡೆದು ನೆಲ ಹಸನು ಮಾಡುತ್ತಿದ್ದಾರೆ. ಔರಾದಿನ ರೈತರು ತೊಗರಿ, ಉದ್ದು, ಹೆಸರು, ಸೋಯಾ ಬೀಜಗಳ ಚಿಂತೆಯಲ್ಲಿದ್ದಾರೆ. ಇದೇ ಹೊತ್ತಿನಲ್ಲಿ ಬೀದರ ನಗರದ ಬಡಾವಣೆಗಳಲ್ಲಿರುವ ನಮ್ಮ ವಿದ್ಯಾವಂತರು ಏನು ಮಾಡುತ್ತಿದ್ದಾರೆ? ಮನೆಯ ಹಿಂದೆ ಹೇಗೋ ಉಳಿದುಕೊಂಡಿದ್ದ ಹತ್ತಡಿ ಮಣ್ಣಿಗೂ ಫರಸಿ ಹಾಸಿಸುತ್ತಿದ್ದಾರೆ. ಕಾರಣ ಕೇಳಿದರೆ, ಮಳೆಗಾಲ ಬಂತಲ್ಲ, ಕೆಸರಾಗುತ್ತದೆ ಎನ್ನುತ್ತಾರೆ. ಮಳೆ ಬರುತ್ತದೆಂದು ಹೊಲದವನು ಮಣ್ಣು ತೆರೆಯುತ್ತಾನೆ. ಮಳೆ ಬರುತ್ತದೆಂದು ನಮ್ಮವರು ಮಣ್ಣು ಮುಚ್ಚುತ್ತಾರೆ.

ಕೈತೋಟದ ವಿಷಯವಾಗಿ ಬರೆಯುವವರು ಬಹಳ ಸೌಮ್ಯವಾಗಿ ಬರೆಯುವುದು ವಾಡಿಕೆ. ಮನಸ್ಸಿಗೆ ಉಲ್ಲಾಸ, ದೇಹಕ್ಕೆ ವ್ಯಾಯಾಮ, ವಿರಾಮದ ಸದುಪಯೋಗ ಎಂದು ನಾಲ್ಕು ಒಳ್ಳೆಯ ಮಾತಾಡಿ, ಬೀಜಗಳ ಪಟ್ಟಿಯೊಂದನ್ನು ಕೊಟ್ಟು ಮುಗಿಸುತ್ತಾರೆ. ಆ ಸೌಮ್ಯತೆ ಈ ಲೇಖನಕ್ಕೆ ಒಗ್ಗುವುದಿಲ್ಲ. ಜಾಗವಿಲ್ಲ, ನೀರಿಲ್ಲ, ಬಿಡುವಿಲ್ಲ ಎಂದು ನಮ್ಮ ಮಧ್ಯಮವರ್ಗ ಹೇಳುವ ಮೂರು ಮಾತುಗಳೂ ನೆಪಗಳೆಂದು ನನ್ನ ವಾದ. ನಿಜವಾದ ಕಾರಣ ಬೇರೆ: ಮಣ್ಣೆಂದರೆ ನಮ್ಮವರಿಗೆ ನಾಚಿಕೆ.

ನೀರಿನ ಮಾತನ್ನೇ ಮೊದಲು ತೆಗೆದುಕೊಳ್ಳೋಣ; ಕೇಳುವುದಕ್ಕೆ ಎಲ್ಲಕ್ಕಿಂತ ಗಂಭೀರವಾದ ನೆಪ ಅದೇ. ಕುಡಿಯುವ ನೀರಿಗೇ ತತ್ವಾರವಾಗಿರುವಾಗ ಬದನೆಗೆ ನೀರು ಎಲ್ಲಿಂದ ತರೋಣ ಎನ್ನುತ್ತಾರೆ. ಬೇಸಿಗೆಯಲ್ಲಿ ಔರಾದಿನ ಯಾವುದಾದರೂ ತಾಂಡಾದ ತಾಯಿ ಈ ಮಾತು ಹೇಳಿದರೆ ನಾನು ತಲೆ ತಗ್ಗಿಸಿ ಸುಮ್ಮನಾಗುತ್ತೇನೆ. ದಿನ ಬೆಳಗಾದರೆ ನಲ್ಲಿಗೆ ಪೈಪು ಸಿಕ್ಕಿಸಿ ಕಾರು ತೊಳೆಯುವ ಮಹಾಶಯರು ಹೇಳಿದರೆ ಲೆಕ್ಕ ಕೇಳುತ್ತೇನೆ. ಹತ್ತಡಿ ಉದ್ದ, ಹತ್ತಡಿ ಅಗಲದ ಮಡಿಯೆಂದರೆ ಒಂಬತ್ತು ಚದರ ಮೀಟರಿಗೆ ತುಸು ಹೆಚ್ಚು. ಕಡು ಬೇಸಿಗೆಯಲ್ಲಿ ಅದಕ್ಕೆ ದಿನಕ್ಕೆ ಆರೇಳು ಮಿಲಿಮೀಟರಿನಷ್ಟು ನೀರು ಬೇಕೆಂದು ಹಿಡಿದರೂ ೬೦ ಲೀಟರಿನ ಸುಮಾರು ಆಯಿತು. ನಾಲ್ಕು ಜನರ ಮನೆಯಲ್ಲಿ ಸ್ನಾನಕ್ಕೆ ತಲೆಗೊಂದು ಬಕೆಟ್ಟು ಸುರಿದುಕೊಂಡರೆ ಅಷ್ಟು ನೀರು ಬಚ್ಚಲಿನಿಂದ ಗಟಾರಕ್ಕೆ ಹೋಗುತ್ತದೆ. ಸೋಪಿನ ನೀರನ್ನು ಎಲೆಯ ಮೇಲೆ ಚೆಲ್ಲಬಾರದು, ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಕಬಾರದು. ಬದನೆ, ಬೆಂಡೆ, ನುಗ್ಗೆಗಳ ಬುಡಕ್ಕೆ ಬಿಡಬಹುದು. ಚಳಿಗಾಲದಲ್ಲಂತೂ ಇದರ ಅರ್ಧ ನೀರು ಸಾಕು.

ಇನ್ನು ಮಳೆಯ ನೀರು. ಬೀದರಿನಲ್ಲಿ ಸರಾಸರಿ ವರ್ಷದಲ್ಲಿ ೮೦೦ ಮಿಲಿಮೀಟರಿಗೆ ಕಡಿಮೆಯಿಲ್ಲದೆ ಮಳೆ ಬೀಳುತ್ತದೆ. ಸಾವಿರ ಚದರಡಿಯ ಮಾಳಿಗೆಯ ಮೇಲೆ ಬೀಳುವುದು ೭೦ ಸಾವಿರ ಲೀಟರಿಗೂ ಹೆಚ್ಚು. ಇದನ್ನು ಕೊಳವೆ ಕಟ್ಟಿ ಬೀದಿಗೆ ಬಿಟ್ಟು, ಆಮೇಲೆ ಟ್ಯಾಂಕರಿನವನಿಗೆ ಫೋನು ಮಾಡುವ ಜನ ನೀರಿನ ಬರದ ಮಾತಾಡುವುದು ಅದೂ ಯಾವ ಊರಿನಲ್ಲಿ? ನೌಬಾದಿನಲ್ಲಿ ನೆಲದೊಳಗೆ ಸುರಂಗ ಕೊರೆದು, ಉದ್ದಕ್ಕೂ ಬಾವಿಯಂತೆ ಬಾಯಿಗಳನ್ನು ತೆಗೆದು, ಇಳಿಜಾರಿನ ಬಲದಿಂದಲೇ ನೀರು ಹರಿಯಿಸಿದ ಕರೇಜು ಇರುವ ಊರಿನಲ್ಲಿ. ೧೫ನೆಯ ಶತಮಾನದಲ್ಲಿ ಬಹಮನಿ ಅರಸರು ರಾಜಧಾನಿಯನ್ನು ಕಲಬುರ್ಗಿಯಿಂದ ಇಲ್ಲಿಗೆ ತಂದ ಕಾಲದಲ್ಲಿ ಪಾರಸಿಕ ದೇಶದ ವಿದ್ಯೆಯನ್ನು ಈ ನೆಲಕ್ಕೆ ಹೊಂದಿಸಿದವರು ನೆಲವನ್ನು ಓದಬಲ್ಲವರಾಗಿದ್ದರು. ಮೇಲಿನ ಜಂಬಿಟ್ಟಿಗೆ ನೀರನ್ನು ಕುಡಿಯುತ್ತದೆ, ಕೆಳಗಿನ ಕರಿಕಲ್ಲು ಅದನ್ನು ತಡೆಯುತ್ತದೆ, ಇವೆರಡರ ನಡುವೆ ಒರತೆ ಜಿನುಗುತ್ತದೆಂಬುದು ಅವರಿಗೆ ಗೊತ್ತಿತ್ತು. ಆ ಸುರಂಗವನ್ನು ಪ್ರವಾಸಿಗರಿಗೆ ತೋರಿಸಿ ಹೆಮ್ಮೆಪಡುವ ನಾವು, ಅದಕ್ಕೆ ಆಧಾರವಾದ ಒಂದು ಸಂಗತಿಯನ್ನು ಮರೆತಿದ್ದೇವೆ: ಮಳೆ ನೆಲದೊಳಗೆ ಇಳಿಯಬೇಕಾದರೆ ನೆಲ ತೆರೆದಿರಬೇಕು.

ಮಣ್ಣಿನ ವಿಷಯಕ್ಕೆ ಬರುತ್ತೇನೆ. ಫರಸಿ ಹಾಸದೆ ಉಳಿದ ಕೆಲವರಾದರೂ ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ಅವರಲ್ಲಿ ಹೆಚ್ಚಿನವರು ತೋಟದ ಯೋಜನೆಯನ್ನು ಬೀಜದ ಅಂಗಡಿಯಿಂದ ಆರಂಭಿಸುತ್ತಾರೆ. ಬೆಂಗಳೂರಿನ ಹವೆಗೆ ಬರೆದ ತಿಂಗಳವಾರು ಪಟ್ಟಿ ಕೈಯಲ್ಲಿ, ಬಣ್ಣಬಣ್ಣದ ಪೊಟ್ಟಣ ಚೀಲದಲ್ಲಿ. ಬೀಜ ಹಾಕುತ್ತಾರೆ, ಮೊಳೆಯುತ್ತದೆ, ಮೂರನೆಯ ವಾರಕ್ಕೆ ಕೊಳೆಯುತ್ತದೆ ಅಥವಾ ಒಣಗುತ್ತದೆ. ಆಮೇಲೆ ಅವರೂ ಫರಸಿಯ ಪಕ್ಷಕ್ಕೆ ಸೇರುತ್ತಾರೆ. ತಮ್ಮ ಅಂಗಳದ ಮಣ್ಣು ಯಾವುದೆಂದು ಅವರು ಬಗ್ಗಿ ನೋಡಿರುವುದಿಲ್ಲ.

ಬೀದರ ನಗರ ಕೂತಿರುವುದು ಎರಡು ಸಾವಿರ ಅಡಿಗೂ ಮೇಲೆ, ಕೆಂಪು ಜಂಬಿಟ್ಟಿಗೆಯ ಹಾಸಿನ ಮೇಲೆ. ಈ ಮಣ್ಣಿಗೆ ಎಷ್ಟು ಸುರಿದರೂ ನೀರು ಸೋಸಿಹೋಗುತ್ತದೆ. ಸಾರವೂ ಜೊತೆಗೆ ಇಳಿದುಹೋಗುತ್ತದೆ. ಆದ್ದರಿಂದ ನಗರದವರು ಮಡಿಯನ್ನು ನೆಲಕ್ಕಿಂತ ತುಸು ತಗ್ಗಾಗಿ ಮಾಡಬೇಕು, ತಿಪ್ಪೆಗೊಬ್ಬರವನ್ನು ಧಾರಾಳವಾಗಿ ಕೂಡಿಸಬೇಕು, ಒಣಗಿದ ಎಲೆ ಕಸವನ್ನು ಸುಡದೆ ಗಿಡದ ಬುಡಕ್ಕೆ ಹೊದಿಸಬೇಕು. ಭಾಲ್ಕಿ, ಔರಾದಿನ ಕಡೆ ಬಹುಪಾಲು ಎರೆ. ಎರೆಯ ಸ್ವಭಾವ ಇದಕ್ಕೆ ಪೂರಾ ವಿರುದ್ಧ: ಕುಡಿದ ನೀರನ್ನು ಬಿಟ್ಟುಕೊಡುವುದಿಲ್ಲ, ಮಳೆಗಾಲದಲ್ಲಿ ಬೇರನ್ನು ಉಸಿರುಗಟ್ಟಿಸುತ್ತದೆ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಅಲ್ಲಿ ಮುಂಗಾರಿನ ಮಡಿ ಗೇಣುದ್ದ ಎತ್ತರವಾಗಿರಬೇಕು, ಹಿಂಗಾರಿನಲ್ಲಿ ಸಮತಟ್ಟಾದರೂ ನಡೆದೀತು. ಹಸಿಯಿದ್ದಾಗ ಅದನ್ನು ತುಳಿಯಲೂ ಬಾರದು, ಅಗೆಯಲೂ ಬಾರದು, ಹದ ಬರುವವರೆಗೆ ಕಾಯಬೇಕು. ಒಂದೇ ಜಿಲ್ಲೆಯಲ್ಲಿ ಒಂದು ತಾಸಿನ ದಾರಿಯೊಳಗೆ ಹೀಗೆ ಎರಡು ಬಗೆಯ ನೆಲ. ಎರಡಕ್ಕೂ ಒಂದೇ ಪಟ್ಟಿ ಹೇಗೆ ಹೊಂದೀತು? ಊರ ಪಕ್ಕದ ಹಳ್ಳದಕೇರಿಯಲ್ಲಿ ತೋಟಗಾರಿಕೆಯ ಕಾಲೇಜಿದೆ, ಜನವಾಡದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಮೊಬೈಲಿನಲ್ಲಿ ಪರದೇಶದ ತೋಟಗಳ ಚಿತ್ರ ನೋಡುವ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಬರಬಹುದು.

ಲೆಕ್ಕಾಚಾರದವರು ಇನ್ನೊಂದು ತಕರಾರು ತೆಗೆಯುತ್ತಾರೆ. ಗೊಬ್ಬರ, ಬೀಜ, ಶ್ರಮ ಎಲ್ಲ ಕೂಡಿಸಿದರೆ ಪೇಟೆಯ ಪಲ್ಯವೇ ಅಗ್ಗವಂತೆ. ಒಪ್ಪಬೇಕಾದ ಮಾತನ್ನು ಒಪ್ಪಿಬಿಡುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೨೪ರ ಸೂಚನೆಗಳಲ್ಲಿ ಒಬ್ಬರಿಗೆ ದಿನಕ್ಕೆ ೪೦೦ ಗ್ರಾಂ ತರಕಾರಿ ಬೇಕೆನ್ನುತ್ತಾರೆ. ನಾಲ್ವರ ಸಂಸಾರಕ್ಕೆ ಒಂದು ಕಿಲೋ ಆರುನೂರು ಗ್ರಾಂ ಆಯಿತು. ಹತ್ತಡಿ ಮಡಿ ಅಷ್ಟನ್ನು ಕೊಡಲಾರದು. ಉಳ್ಳಾಗಡ್ಡಿ, ಆಲೂಗಡ್ಡೆ ಪೇಟೆಯಿಂದಲೇ ಬರಲಿ. ಆದರೆ ಸೊಪ್ಪು? ಕಿತ್ತ ಒಂದು ತಾಸಿಗೆ ಬಾಡುವ, ಗಟಾರದ ನೀರು ಚಿಮುಕಿಸಿಕೊಂಡು ತಾಜಾ ಎನ್ನಿಸಿಕೊಳ್ಳುವ ಮೆಂತ್ಯ, ಕೊತಂಬರಿಯನ್ನು ಯಾವ ತಕ್ಕಡಿಯಲ್ಲಿ ತೂಗಿ ಅಗ್ಗ ಎನ್ನುತ್ತೀರಿ? ಅಂಗಳದಲ್ಲಿ ಕ್ರೋಟನ್ ಗಿಡ ಸಾಕುವಾಗ ಮಾತ್ರ ಈ ಲಾಭನಷ್ಟದ ಲೆಕ್ಕ ಎಲ್ಲಿ ಅಡಗಿರುತ್ತದೋ ತಿಳಿಯದು.

ಈಗ ನಾಚಿಕೆಯ ಮಾತು. "ಮಣ್ಣು ಬಿಟ್ಟು ಬರಬೇಕಂತಲೇ ಓದಿದ್ದು ಸರ್, ಮತ್ತ ಮಣ್ಣಾಗ ಕೈ ಹಾಕು ಅಂತೀರಲ್ಲ?" ಎಂದು ಕಿರಿಯ ಸಹೋದ್ಯೋಗಿಯೊಬ್ಬರು ಒಮ್ಮೆ ನನ್ನನ್ನು ಕೇಳಿದರು. ಔರಾದಿನ ಒಂದು ಹಳ್ಳಿಯವರು. ತಂದೆ ಊರ ಗೌಡರ ಹೊಲದಲ್ಲಿ ವರ್ಷದ ಆಳಾಗಿದ್ದವರು. ನೆಪ ಹೇಳುವವರ ನಡುವೆ ನಿಜ ಹೇಳಿದವರು ಇವರೊಬ್ಬರೇ. ಆದ್ದರಿಂದ ಇವರ ಮಾತಿಗೆ ವ್ಯಂಗ್ಯದಿಂದ ಉತ್ತರ ಕೊಡುವುದು ಅಪಚಾರ. ಪರರ ಹೊಲದಲ್ಲಿ ಬೆನ್ನು ಬಾಗಿಸಿ ಬಾಳು ಸವೆಸಿದವರ ಮಕ್ಕಳಿಗೆ ಗುದ್ದಲಿ ಕಾವ್ಯವಸ್ತುವಲ್ಲ. ನಿಸರ್ಗದ ಮಡಿಲು ಇತ್ಯಾದಿ ಮಾತುಗಳನ್ನು ಮಡಿಲಲ್ಲಿ ಉರಿಬಿಸಿಲನ್ನು ಕಾಣದವರು ಬರೆದದ್ದು. ಆದರೂ ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ನಾಚಿಕೆಪಡಬೇಕಾದದ್ದು ಆಳಿನ ಕೂಲಿಯನ್ನು ಕಡಿದವನು, ಮಣ್ಣು ಅಲ್ಲ. ಅಪ್ಪನಿಗೆ ಸ್ವಂತದ ಒಂದು ಮೊಳ ನೆಲವಿರಲಿಲ್ಲ. ಮಗನಿಗೆ ಮೂವತ್ತು ನಲವತ್ತರ ನಿವೇಶನವಿದೆ, ಅದರ ಮೇಲೆ ಯಾವ ಗೌಡನೂ ಬಂದು ನಿಲ್ಲುವುದಿಲ್ಲ. ಅಪ್ಪ ಕಲಿತಿದ್ದ ವಿದ್ಯೆ, ಹದ ನೋಡುವುದು, ಬೀಜ ಕಾಯುವುದು, ಮೋಡ ಓದುವುದು, ಯಾರದೋ ಕಣಜ ತುಂಬಿತು. ಅದು ಮೊದಲ ಸಲ ತನ್ನದೇ ಮನೆಯ ಒಲೆಗೆ ಬರಬಹುದಾದ ಕಾಲದಲ್ಲಿ ಅದರ ಮೇಲೆ ಕಲ್ಲು ಹಾಸುವುದು ಗೌಡನಿಗೆ ಕೊಟ್ಟ ಉತ್ತರವಾಯಿತೆ?

ಕನ್ನಡದ ಮೇಷ್ಟರಿಗೆ ಬೆಂಡೆ ಬದನೆಯ ಉಸಾಬರಿ ಏಕೆಂದು ಕೇಳುವವರೂ ಇದ್ದಾರೆ. ಉಸಾಬರಿ ಕನ್ನಡದ್ದೇ. ತರಗತಿಯಲ್ಲಿ ಹಕ್ಕರಕಿ ಎಂದರೆ ಹಳ್ಳಿಯಿಂದ ಬರುವ ಮಕ್ಕಳು ನಗುತ್ತಾರೆ, ಗೊತ್ತಿದೆ ಎಂಬ ನಗು. ನಗರದ ಮಕ್ಕಳು ಸುಮ್ಮನೆ ನೋಡುತ್ತಾರೆ. ಹುಳಿಚಿಕ್ಕ, ಕಿರಕಸಾಲಿ, ಸಬ್ಬಸಗಿ, ಚವಳಿಕಾಯಿ: ಇವು ನಿಘಂಟಿನಲ್ಲಿ ಸಿಕ್ಕಬಹುದು, ಆದರೆ ನಿಘಂಟಿನಲ್ಲಿ ವಾಸನೆಯಿಲ್ಲ. ನಮ್ಮದು ಗಡಿಯ ಜಿಲ್ಲೆ. ಸಂತೆಯಲ್ಲಿ ಒಂದೇ ಸೊಪ್ಪನ್ನು ಕನ್ನಡದವಳು ಪುಂಡಿ ಎಂದು, ಮರಾಠಿಯವಳು ಅಂಬಾಡಿ ಎಂದು, ತೆಲುಗಿನವಳು ಗೋಂಗೂರ ಎಂದು ಕೂಗಿ ಮಾರುತ್ತಾರೆ, ಮೂವರೂ ಒಬ್ಬರನ್ನೊಬ್ಬರು ಬಲ್ಲರು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಪ್ರತಿ ನವೆಂಬರಿನಲ್ಲಿ ಭಾಷಣಗಳಲ್ಲಿ ಕೇಳುತ್ತೇವೆ. ಇಂದು ಫಲಕ ಹೊರಗೆ ಕನ್ನಡದ್ದಾಗಿದೆ. ಒಳಗೆ ಅಡಿಗೆಮನೆಯಲ್ಲಿ ಮೆಂತ್ಯ ಮೇಥಿಯಾಗಿದೆ, ಪುಂಡಿಗೆ ಹೆಸರೇ ಉಳಿದಿಲ್ಲ.

ಹಾಗೆಂದು ಸನಾತನ ಶುದ್ಧಿಯ ಹುಚ್ಚು ನನಗಿಲ್ಲ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ನಮ್ಮ ರೊಟ್ಟಿಯ ಪ್ರಾಣವಾದ ಶೇಂಗಾ ಕೂಡ ಅಮೆರಿಕ ಖಂಡದಿಂದ ಬಂದವು. ೧೪೭೨ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನನ ಊಟದಲ್ಲಿ ಹಸಿಮೆಣಸಿನಕಾಯಿ ಇರಲಿಲ್ಲ. ಬೆಂಡೆಗೆ ಮಳೆಗಾಲದಲ್ಲಿ ಬಿಳಿನೊಣದಿಂದ ಹಬ್ಬುವ ಹಳದಿ ನರದ ರೋಗ ತಪ್ಪಿಸಬೇಕಾದರೆ ಹೆಸರಘಟ್ಟದ ಸಂಸ್ಥೆಯವರು ಹೊರತಂದ ಅರ್ಕಾ ಅನಾಮಿಕಾ ತಳಿಯನ್ನು ಸಂಕೋಚವಿಲ್ಲದೆ ಹಾಕಿ. ಅದರ ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಟ್ಟುಕೊಳ್ಳಬಹುದು. ಪೊಟ್ಟಣದ ಹೈಬ್ರಿಡ್ ಬೀಜದಲ್ಲಿ ಈ ಸೌಕರ್ಯವಿಲ್ಲ. ಅದರ ಸಂತಾನ ತಾಯಿಯಂತಿರುವುದಿಲ್ಲ, ಪ್ರತಿ ವರ್ಷ ಅಂಗಡಿಗೇ ಹೋಗಬೇಕು. ಚವಳಿ, ಅವರೆ, ಪುಂಡಿಗಳ ಬೀಜಕ್ಕೆ ಅಂಗಡಿ ಬೇಡವೇ ಬೇಡ. ಊರಿನಲ್ಲಿ ಅಜ್ಜಿಯೋ ದೊಡ್ಡವ್ವನೋ ಇನ್ನೂ ಬೂದಿ ಬೆರೆಸಿ ಗಡಿಗೆಯಲ್ಲಿ ಇಟ್ಟಿರುತ್ತಾರೆ. ಮೊಮ್ಮಗ ಕೇಳಿದರೆ ಸಂತೋಷದಿಂದ ಕೊಟ್ಟಾರು.

ಯೋಜನೆ ಹೇಗೆ ಎಂದರೆ, ನನ್ನ ಸಲಹೆ ಇಷ್ಟೇ: ಎಳ್ಳ ಅಮಾವಾಸ್ಯೆಯಿಂದ ಹಿಂದಕ್ಕೆ ಎಣಿಸಿ. ಅಂದು ನಮ್ಮ ಜಿಲ್ಲೆಯ ಮನೆಮನೆಯಲ್ಲಿ ಭಜ್ಜಿ ಆಗಲೇಬೇಕು. ಹಸಿಕಾಳು, ಕಾಯಿ, ಸೊಪ್ಪು, ಶೇಂಗಾ ಎಲ್ಲವೂ ಒಂದೇ ಪಾತ್ರೆಯಲ್ಲಿ ಕೂಡುವ ಆ ಪದಾರ್ಥ ಹಿಂದಿನವರ ಇಡೀ ವರ್ಷದ ಹಿತ್ತಲಿನ ಪರೀಕ್ಷೆಯ ಫಲಿತಾಂಶದಂತೆ. ಈಗ ನಗರದವರು ಹಿಂದಿನ ದಿನ ಸಂತೆಗೆ ಓಡಿ, ಹೇಳಿದ ಬೆಲೆ ಕೊಟ್ಟು ಭಜ್ಜಿಯ ಪಲ್ಯ ತರುತ್ತಾರೆ. ಡಿಸೆಂಬರ್ ಕೊನೆಗೋ ಜನವರಿಯ ಮೊದಲಿಗೋ ಬರುವ ಆ ದಿನಕ್ಕೆ ಮನೆಯ ಅವರೆ ಬೇಕಾದರೆ ಜುಲೈಯಲ್ಲಿ ಬೀಜ ನೆಲದಲ್ಲಿರಬೇಕು. ಚಳಿ ಬೀಳುವವರೆಗೆ ಅದು ಬಳ್ಳಿಯಷ್ಟೇ ಬೆಳೆಸುತ್ತದೆ, ಗಾಬರಿಯಾಗಿ ಕಿತ್ತುಹಾಕಬಾರದು. ಬದನೆ, ಮೆಣಸಿನ ಬೀಜ ಮಿರಗದಲ್ಲಿ ಸಸಿಮಡಿಗೆ ಬಿದ್ದು, ನಾಲ್ಕೈದು ವಾರಕ್ಕೆ ಕಿತ್ತು ನೆಟ್ಟದ್ದಾಗಬೇಕು. ಬೆಂಡೆ, ಚವಳಿ, ಹೀರೆ, ಪುಂಡಿಗಳು ಮಿರಗ, ಆರಿದ್ರದ ಮಳೆಗೇ ಬೀಳಲಿ. ಅವು ಭಜ್ಜಿಯ ಹೊತ್ತಿಗೆ ಮುಗಿದಿರುತ್ತವೆ, ಅವುಗಳ ಮಡಿ ಗಜ್ಜರಿ, ಮೂಲಂಗಿಗೆ ತೆರವಾಗುತ್ತದೆ. ಗಜ್ಜರಿಗೆ ಮೂರು ತಿಂಗಳು ಬೇಕು, ಆದ್ದರಿಂದ ಹಸ್ತ ಮಳೆ ದಾಟಿಸಬಾರದು. ಮೆಂತ್ಯಕ್ಕೆ ಒಂದು ತಿಂಗಳು ಸಾಕು. ಅದನ್ನು ಮಳೆಗಾಲದ ಎರೆಯಲ್ಲಿ ಬಿತ್ತಿ ಕೊಳೆಸುವ ಬದಲು ದೀಪಾವಳಿಯ ನಂತರ ಹದಿನೈದು ದಿನಕ್ಕೊಮ್ಮೆ ಸ್ವಲ್ಪಸ್ವಲ್ಪವಾಗಿ ಚೆಲ್ಲಿ. ಕೊತಂಬರಿಯೂ ಹಾಗೆಯೇ, ಬೀಜವನ್ನು ಒಡೆದು ಎರಡು ಹೋಳು ಮಾಡಿ ಹಾಕಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲವೆಂದುಕೊಂಡಿದ್ದೆ, ಇತ್ತೀಚೆಗೆ ಹೇಳಬೇಕಾಗಿದೆ.

ಇದೆಲ್ಲಕ್ಕೂ ಮುಂಚೆ ಈ ವಾರ ಆಗಬೇಕಾದ ಕೆಲಸವೊಂದಿದೆ. ದಿನಕ್ಕೆ ಆರು ತಾಸು ಬಿಸಿಲು ಬೀಳುವ ಕಡೆ ಫರಸಿ ಎಬ್ಬಿಸಿ, ಕೆಳಗಿನ ಜಲ್ಲಿ, ಸಿಮೆಂಟಿನ ಚೂರು ತೆಗೆದು, ಒಂದು ಗುದ್ದಲಿ ಆಳ ಅಗೆದು ಮಣ್ಣನ್ನು ಬಿಸಿಲಿಗೆ ಬಿಡಬೇಕು. ಮೊದಲ ಮಳೆಗೆ ಮುಂಚೆ ಗೊಬ್ಬರ ಕೂಡಿಸಬೇಕು. ಎಬ್ಬಿಸಿದ ಕಲ್ಲನ್ನು ಮಡಿಯ ಅಂಚಿಗೆ ನಿಲ್ಲಿಸಬಹುದು, ದುಡ್ಡು ಕೊಟ್ಟು ತಂದದ್ದು ಹಾಳಾಗುವುದಿಲ್ಲ. ಅಗೆಯುವುದಕ್ಕೆ ಆಳು ಸಿಕ್ಕಾರು. ಆದರೆ ಬಚ್ಚಲ ನೀರು ಹೊತ್ತು ಹಾಕುವವರು ಯಾರು ಎಂಬುದನ್ನು ಗಂಡಹೆಂಡಿರು ಈಗಲೇ ಮಾತಾಡಿ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು; ಏಕೆಂದರೆ ನಮ್ಮೂರಿನಲ್ಲಿ ನಾನು ಕಂಡ ಕೈತೋಟಗಳಲ್ಲಿ ಹೊಗಳಿಕೆಯನ್ನು ಸ್ವೀಕರಿಸುವವರು ಯಜಮಾನರು, ಕೊಡ ಎತ್ತುವವರು ಮನೆಯವರು.